ಸೀಮೆ ಉಪ್ಪಿನ ಅಕ್ಕಿ

ಮೊನ್ನೆ ಕಾಲೊರಸಿಗೆ ಆದೀತೆಂದು ಗೊಬ್ಬರದ ಖಾಲಿ ಚೀಲವೊಂದನ್ನು ಹಿತ್ತಿಲಲ್ಲಿ ತೊಳೆಯುತ್ತಿದ್ದೆ. ನೀರು ಬಿದ್ದದ್ದೇ ತಡ, ಆ ಘಾಟು ಮೂಗಿಗೆ ಹೊಡೆಯಿತು. ಚೀಲ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ನಗಬೇಡಿ. ಈ ಘಾಟು ನಮ್ಮ ಮನೆಗೆ ಮೊದಲು ಬಂದಾಗ ಒಂದು ಜೀವ ಹೋಗುವುದರಲ್ಲಿತ್ತು.

ಆಗ ಯುದ್ಧದ ಕಾಲ. ಹೊಳೆನರಸೀಪುರದ ಕಡೆಯ ಹಳ್ಳಿಗೆ ನಾನು ಹೊಸ ಸೊಸೆ. ನಮ್ಮ ಯಜಮಾನರು ಹಾಸನದಿಂದ ಗಾಡಿಯಲ್ಲಿ ಒಂದು ಮೂಟೆ ತಂದಿಳಿಸಿ, "ಸೀಮೆ ಉಪ್ಪು ತಂದಿವ್ನಿ ಕಣವ್ವೋ, ಗದ್ದೆಗೆ!" ಎಂದು ತಾಯಿಗೆ ಕೂಗಿ ಹೇಳಿದರು. ಆ ಗೊಬ್ಬರಕ್ಕೆ ಎಲ್ಲರೂ ಹಾಗೇ ಅನ್ನುತ್ತಿದ್ದರು. ಬೆಳ್ಳಗೆ, ಹರಳುಹರಳಾಗಿ ಇತ್ತಲ್ಲ. ಅತ್ತೆಯ ಮುಖ ಬಿಳಚಿಕೊಂಡಿತು.

ಕಾರಣವಿತ್ತು. ಹಿಂದೊಮ್ಮೆ ಚಳಿಜ್ವರದಲ್ಲಿ ಮಗನ ಮಾತು ನಿಂತಾಗ ಅತ್ತೆ ಶಿವನ ಮುಂದೆ ನಿಂತು, ಬದುಕಿರುವತನಕ ಉಪ್ಪು ಬಿಟ್ಟೆ ಎಂದು ಹರಕೆ ಹೊತ್ತಿದ್ದರು. ಮಗ ಎದ್ದು ಕೂತ. "ಉಪ್ಪು ಮುಟ್ಟಿದ್ ದಿನ ಅವನ್ನ ನಾನೇ ಕಳ್ಕಂಡಂಗೆ" ಅನ್ನುತ್ತಿದ್ದರು. ಈಗ ಅದೇ ಮಗ ಅನ್ನದ ಬುಡಕ್ಕೇ ಉಪ್ಪು ಸುರಿಯಲು ಹೊರಟಿದ್ದ!

ಕೊನೆಗೆ ಕೆರೆ ಕೆಳಗಿನ ಎರಡು ಗದ್ದೆಯಲ್ಲಿ ಮೇಲಿನದಕ್ಕೆ ಹಟ್ಟಿಗೊಬ್ಬರ, ಹೊಂಗೆಸೊಪ್ಪು, ಕೆಳಗಿನದಕ್ಕೆ ಸೀಮೆ ಉಪ್ಪು ಎಂದು ರಾಜಿಯಾಯಿತು. ಕೆಳಗಿನ ಪೈರು ಕಪ್ಪಗೆ, ಸೊಂಪಾಗಿ ಬೆಳೆದು ಭತ್ತ ಕಣದಲ್ಲಿ ಹಿಡಿಸಲಿಲ್ಲ. ಮೇಲಿನದು ಎಂದಿನಷ್ಟೇ. ನಾನು ಎರಡು ತಪ್ಪಲೆಯಲ್ಲಿ ಎರಡು ಅನ್ನ ಬೇಯಿಸಿದೆ, ಅತ್ತೆಗೆ ಮೇಲಿನ ಗದ್ದೆಯದು, ನಮಗೆ ಕೆಳಗಿನದು. ಯಾವುದು ಯಾರದೆಂದು ಮರೆತು ಸೌಟು ಹಿಡಿದು ಬೆಪ್ಪಾಗಿ ನಿಂತದ್ದೂ ಉಂಟು.

ಮೂರನೆಯ ವರ್ಷ ರಾಗಿಗೆ ರೋಗ ಬಿತ್ತು. ಸರ್ಕಾರಕ್ಕೆ ಧಾನ್ಯ ವಸೂಲು ಮಾಡುವ ಲೆವಿಯವರು ಬಂದು ಬಾಗಿಲ ಬಳಿಯಿದ್ದ ಮೂಟೆಗಳನ್ನು ಅಳೆದುಕೊಂಡು ಹೋದರು. ಅದಷ್ಟೂ ಮೇಲಿನ ಗದ್ದೆಯದು. ಉಳಿದದ್ದು ಉಪ್ಪಿನ ಭತ್ತ. ಕಡ ಕೇಳೋಣವೆಂದರೆ ಯಾರ ಮನೆಯಲ್ಲಿತ್ತು?

ಅತ್ತೆ ಅನ್ನ ಬಿಟ್ಟರು. ಲೋಟ ಹಾಲು, ಬೆಲ್ಲದ ನೀರು, ಅಷ್ಟೇ. ಒಂದು ಬೆಳಿಗ್ಗೆ ವಿಭೂತಿ ಹಚ್ಚುತ್ತಲೇ ಕಂಬಕ್ಕೆ ಒರಗಿ ಕುಸಿದರು.

ಯಜಮಾನರು ಓಡಿ ಬಂದರು. "ಅದು ಉಪ್ಪಲ್ಲ ಕಣವ್ವಾ, ಗೊಬ್ಬರ! ಸತ್ತೋಗ್ಬುಡ್ತೀಯ!"

"ಉಪ್ಪು ಅಂತ ಮೂಟೆ ಇಳ್ಸಿದ್ದು ನೀನೇ ತಾನೇ? ನಾನ್ ಓದ್ರೆ ಓಯ್ತೀನಿ. ನೀನ್ ಬದುಕ್ಲಾ."

ಅವರು ಮೊರ ಎತ್ತಿಕೊಂಡು ಗದ್ದೆಯತ್ತ ಹೊರಟರು. ಇತ್ತ ನಾನು ಅತ್ತೆಯ ಬಾಯಿಗೆ ಹಾಲು ಬಿಡುತ್ತಾ ಪಂಚಾಕ್ಷರಿ ಹೇಳುತ್ತಿದ್ದೆ. ಹಾಲು ಕಟವಾಯಿಯಿಂದ ಹೊರಗೇ ಹರಿಯುತ್ತಿತ್ತು. ಯಜಮಾನರು ಎರಡೂ ಗದ್ದೆಯ ಮಣ್ಣು ತಂದು ತಾಯಿಯ ಮುಂದಿಟ್ಟರು. ಕೆಳಗಿನ ಗದ್ದೆಯದನ್ನು ಚೂರು ಮುರಿದು ಬಾಯಿಗೆ ಹಾಕಿಕೊಂಡು ಜಗಿದೇ ಜಗಿದರು.

"ಉಪ್ಪಿಲ್ಲ ಕಣವ್ವಾ. ಬರೀ ಸಪ್ಪೆ. ನಿನ್ನಾಣೆ."

ಅತ್ತೆ ಬಹಳ ಹೊತ್ತು ಮಗನ ಬಾಯಿ ನೋಡಿದರು. "ಸಣ್ಣೋನಿದ್ದಾಗ್ಲೂ ಮಣ್ಣು ತಿಂತಿದ್ದೆ. ಇನ್ನೂ ಬುಟ್ಟಿಲ್ವಲ್ಲಾ" ಅಂದರು. ಆಮೇಲೆ ಮೇಲಿನ ಗದ್ದೆಯ ಮಣ್ಣನ್ನು ಮುಟ್ಟಿದರು. ಅದು ಉದುರಿತು, ಒಂದು ಎರೆಹುಳು ಹೊರಳಿತು. ಕೆಳಗಿನದು ಇಟ್ಟಿಗೆಯ ಹಾಗೆ ಗಟ್ಟಿ. "ಉಪ್ಪಿಲ್ಲ, ಸರಿ. ಉಸ್ರೂ ಇಲ್ವಲ್ಲೋ ಇದ್ರಾಗೆ."

ಯಜಮಾನರು ತಲೆ ತಗ್ಗಿಸಿದರು. "ಮುಂದ್ಲ ಸಲ ಇದ್ಕೂ ಸೊಪ್ಪು ತುಳುಸ್ತೀನಿ, ಅಟ್ಟಿಗೊಬ್ರ ಆಕ್ತೀನಿ. ಮೇಲಿಂದ ಆ ಸೀಮೆ ಗೊಬ್ರ ಒಂಚೂರು. ನೀನು ಉಣ್ಣವ್ವಾ."

ನಾನು ಗಂಜಿ ತಂದೆ. ಅವಸರದಲ್ಲಿ ಅರ್ಧ ಸೆರಗಿಗೇ ಚೆಲ್ಲಿತು. ಅತ್ತೆ ಮಗನ ತಲೆಯ ಮೇಲೆ ಒಂದು ಕೈಯಿಟ್ಟು, ಕಣ್ಣು ಮುಚ್ಚಿ ಮೊದಲ ಗುಟುಕು ನುಂಗಿದರು.

"ಸಪ್ಪೆ ಕಣೇ" ಅಂದರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಸಿವ ದೊಡ್ಡೋನು. ಇನ್ನೊಂಚೂರು ಉಯ್ಯಿ."

ಈಗ ಬಿಪಿಯೆಂದು ಡಾಕ್ಟರು ನನಗೂ ಉಪ್ಪು ಬಿಡಿಸಿದ್ದಾರೆ. ದಿನವೂ ತಟ್ಟೆಯ ಮುಂದೆ ಗೊಣಗುವವಳು ನಾನು. ಮೊನ್ನೆ ಮಾತ್ರ ಮಾತಿಲ್ಲದೆ ಉಂಡು, ಸೊಸೆ ಬೆರಗಾಗಿ ನೋಡುತ್ತಿದ್ದಂತೆ ಇನ್ನೊಂದು ಸೌಟು ಹಾಕಿಸಿಕೊಂಡೆ.