ಗಂಜಿ ಕುಡಿಸಿಕೊಂಡ ದೊರೆಯನ್ನು ವಿಚಾರಿಸಲು ಸ್ಲೋಟ್ಸ್‌ಬರ್ಗ್‌ಗೆ

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಮೆಟ್ರೋಪಾರ್ಕ್ ನಿಲ್ದಾಣದಲ್ಲಿ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಎರಡು ವಸ್ತುಗಳಿದ್ದವು. ಒಂದು, ಹತ್ತು ಪೌಂಡ್ ಕುಚ್ಚಲಕ್ಕಿ. ಇನ್ನೊಂದು, ವಿಠಲ ಅಂಕಲ್ ಬರೆದ ಆರು ಕಥೆಗಳ ಕರಡು ಪ್ರತಿ. ಅಕ್ಕಿಯ ಬಗ್ಗೆ ನನಗೆ ಅನುಮಾನವಿರಲಿಲ್ಲ.

ನಾನು ವುಡ್‌ಬ್ರಿಡ್ಜ್ ಕಡೆಯ ಕನ್ನಡ ಸಂಘವೊಂದರ ಪುಸ್ತಕ ಸಮಿತಿಯಲ್ಲಿದ್ದೇನೆ, ಎಲ್ಲರಿಗಿಂತ ಕಿರಿಯಳು. ಸಂಘ ವರ್ಷಕ್ಕೊಂದು ಪುಸ್ತಕ ತರುತ್ತದೆ. ಈ ಸಲದ್ದು ವಿಠಲ ಅಂಕಲ್ ಅವರ ಮೊದಲ ಪುಸ್ತಕ. ಅವರ ವಯಸ್ಸು ಎಂಬತ್ತರ ಹತ್ತಿರ, ಹಾಗಾಗಿ ಬಹುಶಃ ಅದೇ ಕೊನೆಯದೂ ಹೌದು. ಅವರು ಹುಟ್ಟಿದ್ದು ಆಫ್ರಿಕದಲ್ಲಿ, ಬ್ರಿಟಿಷರ ಕಾಲದ ಟಾಂಗಾನಿಕಾದಲ್ಲಿ. ತಂದೆ ಉಡುಪಿಯಿಂದ ಹೋಗಿ ಅಲ್ಲಿಯ ಸರ್ವೆ ಕ್ಯಾಂಪಿನಲ್ಲಿ ಗುಮಾಸ್ತರಾಗಿದ್ದರು. ಅಲ್ಲಿನ ಕುರುಚಲು ಕಾಡಿಗೆ ಎಲ್ಲರೂ ಬುಷ್ ಎನ್ನುತ್ತಿದ್ದರಂತೆ. ಆರೂ ಕಥೆಗಳು ಅದರವೇ: ಡೇರೆ, ಸೊಳ್ಳೆ, ಸಿಂಹ, ಎಲ್ಲವನ್ನೂ ಗೆಲ್ಲುವ ಒಬ್ಬ ಬಿಳಿ ದೊರೆ.

ನನ್ನ ತಕರಾರು ಆ ದೊರೆಯ ಮೇಲೆ. ಗುಮಾಸ್ತರ ಮಗ ಬರೆದ ಕಥೆಯಲ್ಲಿ ಗುಮಾಸ್ತ ಮೂಲೆಯಲ್ಲಿರುತ್ತಾನೆ. ಆಫ್ರಿಕದವನು ಬರೀ ‘ನಂಬಿಗಸ್ತ ಆಳು’, ಅವನಿಗೆ ಹೆಸರೂ ಇಲ್ಲ. ಕೊನೆಗೆ ದೊರೆ ಗುಂಡು ಹಾರಿಸುತ್ತಾನೆ, ಸಿಂಹ ಬೀಳುತ್ತದೆ. ಇಂಥವನ್ನು ಬಿಳಿಯರು ತಮ್ಮ ಪತ್ರಿಕೆಗಳಿಗೆ ರಾಶಿಗಟ್ಟಲೆ ಬರೆದುಕೊಂಡಿದ್ದಾರೆ. ಸಮಿತಿಯ ಸಭೆಯಲ್ಲಿ ನಾನು ನೇರವಾಗಿ ಹೇಳಿದೆ: “ಇದು ಎಲ್ಲಿಂದಲೋ ಎತ್ತಿದ್ದು.”

ಅಧ್ಯಕ್ಷೆ ಆಂಟಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಕಾಲೇಜಲ್ಲಿ ಡಿಬೇಟ್ ಕಪ್ ಗೆದ್ದಿದೀಯ, ಗೊತ್ತಮ್ಮ. ಆದ್ರೆ ಆ ವಯಸ್ಸಿನವರನ್ನ ಕಳ್ಳ ಅನ್ನೋಕೆ ಮುಂಚೆ ಒಂದ್ಸಲ ಎದುರಿಗೆ ಕೂತು ಮಾತಾಡ್ಕೊಂಡು ಬಾ. ಸೋಮವಾರ ಫೈಲ್ ಪ್ರೆಸ್‌ಗೆ ಹೋಗ್ಬೇಕು. ನೀನು ಬೇಡ ಅಂದ್ರೆ ನಿಲ್ಲಿಸ್ತೀವಿ.”

ನಿರ್ಧಾರವನ್ನು ನನ್ನ ತಲೆಗೆ ಕಟ್ಟಿದರು ಎಂದು ಆಗಲೇ ಅನ್ನಿಸಿತು. ಆದರೂ ಹೊರಟೆ.

ಸೀಕಾಕಸ್‌ನಲ್ಲಿ ರೈಲು ಬದಲಿಸಬೇಕು. ಮೇಲಿನ ಪ್ಲಾಟ್‌ಫಾರ್ಮಿನಿಂದ ಎಸ್ಕಲೇಟರ್ ಹತ್ತಿ, ಗೇಟಿಗೆ ಟಿಕೆಟ್ ತೋರಿಸಿ, ಮತ್ತೆ ಕೆಳಗಿಳಿಯಬೇಕು. ಬೋರ್ಡಿನ ಮೇಲೆ ‘ಸಮಯಕ್ಕೆ ಸರಿಯಾಗಿ’ ಎಂದಿತ್ತು. ಆ ಬೋರ್ಡಿನ ಮಾತನ್ನು ನಾನು ನಂಬುವುದಿಲ್ಲ. ರೈಲು ಬಂದದ್ದು ಕಾಲು ಗಂಟೆ ತಡವಾಗಿ. ನಿಲ್ದಾಣದ ಸುತ್ತ ಜೌಗು, ಆಳೆತ್ತರದ ಒಣ ಜೊಂಡು, ಅದರಾಚೆ ಗೋದಾಮುಗಳು. ಮ್ಯಾನ್‌ಹಟನ್ನಿಗೆ ಹೋಗುವವರೆಲ್ಲ ಇನ್ನೊಂದು ದಿಕ್ಕಿಗೆ ನುಗ್ಗಿದರು. ನನ್ನ ಬೋಗಿಯಲ್ಲಿ ಉಳಿದವರು ಒಂದಿಷ್ಟು ಬೆಟ್ಟ ಹತ್ತುವವರು, ಒಬ್ಬ ನಿದ್ದೆ ಹೋದ ನರ್ಸ್, ನಾನು. ನಾನು ಸಿಂಹದ ಕಥೆಯನ್ನು ಮತ್ತೆ ಓದಿದೆ, ಕೆಂಪು ಪೆನ್ನು ಹಿಡಿದು. ಸಫರ್ನ್ ಬರುವ ಹೊತ್ತಿಗೆ ನನ್ನ ಪ್ರಶ್ನೆ ಸಿದ್ಧವಾಗಿತ್ತು. ಮುಂದಿನ ನಿಲ್ದಾಣವೇ ಅಂಕಲ್ ಇರುವ ಸ್ಲೋಟ್ಸ್‌ಬರ್ಗ್.

ಪ್ಲಾಟ್‌ಫಾರ್ಮಿನಲ್ಲಿ ಅಂಕಲ್ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ನಿಂತಿದ್ದರು. ಕೈಯಲ್ಲಿ ಅಂಥದೇ ಇನ್ನೊಂದು.

“ಹಾಕಿಕೋ ಮಾರಾಯ್ತಿ. ಈಗ ಇಲ್ಲಿ ಜಿಂಕೆ ಬೇಟೆ. ನಮ್ಮ ಮನೆ ಕಾಡಿನ ಅಂಚಿಗೇ ಉಂಟು. ಜಿಂಕೆ ಅಂತ ನಿನಗೆ ಹೊಡೆದರೆ ಸಂಘಕ್ಕೆ ನಾನು ಎಂತ ಉತ್ತರ ಕೊಡುವುದು?”

ಕೆಲವರಿಗೆ ಖುಷಿಯಾಗಬಹುದು ಎಂದು ಮನಸ್ಸಿನಲ್ಲೇ ಅಂದುಕೊಂಡು ಜಾಕೆಟ್ ತೊಟ್ಟೆ. ಗಾಳಿ ಕೊರೆಯುತ್ತಿತ್ತು. ಎಲೆ ಉದುರಿದ ಮರಗಳ ನಡುವಿನ ಏರುದಾರಿಯಲ್ಲಿ ಅವರು ನನಗಿಂತ ಚುರುಕಾಗಿ ನಡೆದರು. ನಾನು ಯಾಕೆ ಬಂದಿದ್ದೇನೆ ಎಂದು ಒಮ್ಮೆಯೂ ಕೇಳಲಿಲ್ಲ. ಅದೂ ನನಗೆ ಅನುಮಾನ ತಂದಿತು.

ಬಾಗಿಲಲ್ಲಿ ಅವರ ಹೆಂಡತಿ ಸುಮತಿ ಆಂಟಿ ಅಕ್ಕಿ ಚೀಲ ನೋಡಿ ಮುಖ ಅರಳಿಸಿದರು. ಚೀಲವನ್ನು ಅಲ್ಲೇ ಇದ್ದ ಮೂರು ಕಾಲಿನ ಗಿಡ್ಡ ಸ್ಟೂಲಿನ ಮೇಲಿಡಲು ಹೋದೆ. ಒಂದೇ ದಿಮ್ಮಿಯಲ್ಲಿ ಕೆತ್ತಿದ್ದು, ಕೂತು ಕೂತು ನಡುವೆ ನುಣುಪಾಗಿತ್ತು.

“ಅದರ ಮೇಲೆ ಬೇಡ,” ಎಂದರು ಅಂಕಲ್, ಬೂಟು ಬಿಚ್ಚುತ್ತಾ. “ಅದು ಬರಾಕಾ ಮಾಡಿಕೊಟ್ಟದ್ದು ನನಗೆ. ಅಪ್ಪನ ಕ್ಯಾಂಪಿನವ.”

ನಾನು ಚೀಲ ನೆಲದ ಮೇಲಿಟ್ಟೆ. ಮಾತು ಅಲ್ಲಿಗೇ ಬಿಟ್ಟೆ. ನನ್ನ ತಲೆಯಲ್ಲಿದ್ದದ್ದು ಬೇರೆ ವಾದ.

ಊಟಕ್ಕೆ ಹಬೆಯಾಡುವ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಹುರುಳಿ ಚಟ್ನಿ. ಅರ್ಧ ಬಟ್ಟಲು ಮುಗಿದ ಮೇಲೆ ನಾನು ಕರಡು ಪ್ರತಿ ತೆಗೆದೆ.

“ಅಂಕಲ್, ನೇರವಾಗಿ ಕೇಳ್ತೀನಿ. ಈ ಕಥೆಗಳು ನಿಮ್ಮವಾ?”

“ಬರೆದದ್ದು ನಾನು. ಧಾಟಿ ನನ್ನದಲ್ಲ,” ಎಂದರು ಅವರು, ಸ್ವಲ್ಪವೂ ಅಳುಕದೆ. “ಬಿಳಿಯರ ಕ್ಲಬ್ಬಿನಲ್ಲಿ ಹಳೇ ಮ್ಯಾಗಜಿನ್ ಬಿಸಾಡ್ತಿದ್ದರು, ಅಪ್ಪ ಮನೆಗೆ ತರ್ತಿದ್ದರು. ನಾನು ಓದಲಿಕ್ಕೆ ಕಲಿತದ್ದೇ ಅದರಲ್ಲಿ. ಕಥೆ ಅಂದರೆ ಹಾಗೇ ಇರಬೇಕು ಅಂತ ತಲೆಯಲ್ಲಿ ಕೂತುಬಿಟ್ಟಿದೆ.”

“ಸಿಂಹದ ಕಥೆ?”

“ಅದು ಅಪ್ಪ ಹೇಳ್ತಿದ್ದದ್ದು.”

ಅದನ್ನು ಒಪ್ಪಲೇಬೇಕಾಯಿತು. ಆ ಕಥೆಯಲ್ಲಿ ದೊರೆ ಮಲೇರಿಯಾದಿಂದ ಡೋಲಿಯಲ್ಲಿ ಮಲಗಿರುತ್ತಾನೆ, ಗುಮಾಸ್ತ ಅವನಿಗೆ ಚಮಚದಲ್ಲಿ ಗಂಜಿ ಕುಡಿಸಿ ನಾಲಿಗೆಗೆ ಉಪ್ಪಿನಕಾಯಿಯ ರಸ ಮುಟ್ಟಿಸುತ್ತಾನೆ. ಲಂಡನ್ನಿನ ಯಾವ ಲೇಖಕನೂ ತನ್ನ ನಾಯಕನಿಗೆ ಮಿಡಿ ಉಪ್ಪಿನಕಾಯಿ ತಿನ್ನಿಸುವುದಿಲ್ಲ. ಕಳವಿನ ಆರೋಪ ಗಂಜಿಯಲ್ಲಿ ಕರಗಿಹೋಯಿತು. ಆದರೆ ಇನ್ನೊಂದು ಎದ್ದಿತು, ರೈಲಿನಲ್ಲಿ ಸಿದ್ಧಮಾಡಿಕೊಂಡಿದ್ದು ಅದನ್ನೇ.

“ಮೂರನೇ ಪುಟದಲ್ಲಿ ದೊರೆಗೆ ಚಮಚ ಹಿಡಿಯೋಕೂ ಆಗಲ್ಲ, ಕೈ ಅಷ್ಟು ನಡುಗ್ತಿದೆ. ಐದನೇ ಪುಟದಲ್ಲಿ ಅದೇ ಮಧ್ಯಾಹ್ನ ಎದ್ದು ನಿಂತು, ಓಡಿಬರೋ ಸಿಂಹಕ್ಕೆ ಒಂದೇ ಗುಂಡು. ಹೇಗೆ?”

ಅಂಕಲ್ ಗಂಜಿ ಕಲಕುತ್ತಾ ಕೂತರು.

“ದೊರೆ ಹೊಡೆದಿಲ್ಲ ಅಂಕಲ್. ಅಲ್ಲಿ ಇನ್ನು ಯಾರಿದ್ದರು? ನಿಮ್ಮಪ್ಪ. ಹೊಡೆದದ್ದು ಅವರು. ಕೆಲಸ ಹೋಗುತ್ತೆ ಅಂತ ಹೆಸರನ್ನ ದೊರೆಗೆ ಬಿಟ್ಟುಕೊಟ್ಟರು. ನೀವೂ ಹಾಗೇ ಬರೆದಿದೀರ. ನಿಜ ಬರೀರಿ, ನಾನೇ ಮುಂದೆ ನಿಂತು ಅಚ್ಚು ಹಾಕಿಸ್ತೀನಿ.”

ನನ್ನ ವಾದ ನನಗೇ ಬಹಳ ಚೆನ್ನಾಗಿ ಕಂಡಿತು. ಅಷ್ಟರಲ್ಲಿ ಸುಮತಿ ಆಂಟಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದರು.

“ನಮ್ಮ ಮಾವನಾ? ದೀಪಾವಳಿಗೆ ಮಕ್ಕಳು ಪಟಾಕಿ ಹೊಡೆದರೆ ದೇವರ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ತಿದ್ದರು. ಕೋವಿ ಅಂತೆ, ಕೋವಿ.”

“ಸುಮತಿ,” ಎಂದರು ಅಂಕಲ್.

ಅಲ್ಲಿಗೆ ನನ್ನ ಕಪ್ ಗೆದ್ದ ವಾದ ಮುಗಿಯಿತು. ಎಲ್ಲರನ್ನೂ ಅನುಮಾನಿಸಿದವಳು ನನ್ನ ಆಸೆಯೊಂದನ್ನು ಮಾತ್ರ ಅನುಮಾನಿಸಿರಲಿಲ್ಲ. ದೊರೆಯನ್ನು ಇಳಿಸಿದ ಜಾಗದಲ್ಲಿ ನಮ್ಮವನನ್ನೇ ಕೂರಿಸಬೇಕೆಂದು ನನಗೇ ಬೇಕಾಗಿತ್ತು. ಡೋಲಿಯ ಪಕ್ಕದಲ್ಲಿ, ದೊರೆಯ ಕೋವಿಯನ್ನು ಹೆಗಲಿಗೆ ಹಾಕಿಕೊಂಡು, ಕಥೆಯುದ್ದಕ್ಕೂ ಇನ್ನೊಬ್ಬ ನಡೆಯುತ್ತಿದ್ದ. ನಾನು ಬಾಗಿಲ ಕಡೆ, ಆ ಸ್ಟೂಲಿನ ಕಡೆ ನೋಡಿದೆ.

“ನಂಬಿಗಸ್ತ ಆಳು. ಬರಾಕಾನಾ?”

ಅಂಕಲ್ ಹೌದೆಂದು ತಲೆಯಾಡಿಸಿದರು. “ಆಫ್ರಿಕದವ ದೊರೆಯ ಕೋವಿ ಹಾರಿಸಿದ ಅಂತ ಹೊರಗೆ ಬಿದ್ದರೆ ಅವನಿಗೆ ಜೈಲು. ದೊರೆ, ಅಪ್ಪ, ಅವನು, ಮೂವರೂ ಮಾತಾಡಿಕೊಂಡರಂತೆ. ಅವನನ್ನು ಉಳಿಸಲಿಕ್ಕೇ ಹಾಗೆ ಹೇಳಿದ್ದು.”

“ಆವತ್ತು ಉಳಿಸಿದ್ದು ಸರಿ. ಇವತ್ತು ಯಾರನ್ನ ಉಳಿಸ್ತಿದೀರ?”

ಅಂಕಲ್ ಬಟ್ಟಲು ಎತ್ತಿಕೊಂಡು ಎದ್ದುಬಿಟ್ಟರು.

ಸಂಜೆ ಅವರು ನನ್ನನ್ನು ರೈಲಿಗೆ ಕಳಿಸಲು ಬಂದರು. ಕಾಡಿನಲ್ಲಿ ಎಲ್ಲೋ ಒಂದು ಗುಂಡಿನ ಸದ್ದಾಯಿತು. ಇಬ್ಬರೂ ನಿಂತೆವು.

“ಪುಸ್ತಕ ನಿಲ್ಲಿಸ್ತೀಯಾ?” ಎಂದು ಕೇಳಿದರು.

“ಅವನ ಹೆಸರು ಹಾಕಿದರೆ ಇಲ್ಲ.”

“ನೀನೇ ಬರೆದು ಸೇರಿಸಿಬಿಡು.”

“ಊಹೂಂ. ಆಮೇಲೆ ಅದು ನಿಮ್ಮ ಕಥೆ ಆಗಲ್ಲ. ಆ ಒಂದು ಪುಟ ನೀವೇ ಬರೀಬೇಕು.”

“ಅಪ್ಪನ ಕಥೆ ಅದು ಮಾರಾಯ್ತಿ,” ಎಂದರು. ಅಷ್ಟರಲ್ಲಿ ರೈಲು ಬಂತು. ಕಿಟಕಿಯಿಂದ ನೋಡಿದಾಗ ಕಿತ್ತಳೆ ಜಾಕೆಟ್ ಪ್ಲಾಟ್‌ಫಾರ್ಮಿನ ಮೇಲೆ ಕದಲದೆ ನಿಂತಿತ್ತು. ನಾನು ತೊಟ್ಟಿದ್ದನ್ನು ವಾಪಸ್ ಕೊಡಲು ಮರೆತಿದ್ದೆ.

ದಾರಿಯಿಡೀ ಲೆಕ್ಕ ಹಾಕಿದೆ. ಬರಾಕಾನನ್ನು ಉಳಿಸಲು ಎಂಬ ಕಾರಣ ನನಗೆ ಸಾಲಲಿಲ್ಲ. ಆ ದೇಶದಿಂದ ಬ್ರಿಟಿಷರು ಹೋಗಿ ಎಷ್ಟು ಕಾಲವಾಯಿತು. ಈಗ ಹೇಳಿದರೆ ಯಾರಿಗೂ ಜೈಲಿಲ್ಲ. ಹಾಗಾದರೆ ಇನ್ನೂ ಅಂಜಿಕೆ ಯಾಕೆ?

ಸೀಕಾಕಸ್‌ನಲ್ಲಿ ಇಳಿದು ಮೆಟ್ರೋಪಾರ್ಕಿನ ರೈಲಿಗೆ ಕಾಯುತ್ತಿದ್ದಾಗ ಸುಮತಿ ಆಂಟಿಯ ಫೋನ್ ಬಂತು. ಬೋರ್ಡಿನ ಮೇಲೆ ಮತ್ತೆ ‘ಸಮಯಕ್ಕೆ ಸರಿಯಾಗಿ’.

“ಬಂದವರೇ ಆ ಸ್ಟೂಲಿನ ಮೇಲೆ ಕೂತು ಬರೆದಿದ್ದಾರೆ. ನಾನು ಓದಬೇಕಂತೆ, ನೀನು ಕೇಳಬೇಕಂತೆ,” ಎಂದು ಆಂಟಿ ಓದಿದರು: “‘ಕೋವಿ ಬರಾಕಾನ ಕೈಯಲ್ಲಿತ್ತು. ಅವನು ಓಡಲಿಲ್ಲ.’ ಸಾಕಾ?”

ಎರಡನೇ ವಾಕ್ಯದ ಮೇಲೆ ನನ್ನ ಗಮನ ನಿಂತಿತು. ಅವನು ಓಡಲಿಲ್ಲ ಎಂದರೆ ಓಡಿದವರು ಯಾರೋ ಇದ್ದಾರೆ.

“ಆಂಟಿ, ಅಂಕಲ್ ಹತ್ರ ಒಂದು ಕೇಳಿ. ಸಿಂಹ ಬಂದಾಗ ದೊರೆ ಎಲ್ಲಿದ್ದ?”

ಫೋನಿನಾಚೆ ಗುಸುಗುಸು. ಆಂಟಿ ಏನೋ ಬೈದರು. ಆಮೇಲೆ ಅಂಕಲ್ಲೇ ಫೋನ್ ಹಿಡಿದರು. ಕೆಳಗೆ ಜೊಂಡಿನ ಮೇಲೆ ಗಾಳಿ ಹಾದುಹೋಯಿತು, ನನ್ನ ರೈಲಿನ ದೀಪ ತಿರುವಿನಲ್ಲಿ ಕಾಣಿಸಿತು.

“ಡೋಲಿಯ ಕೆಳಗೆ,” ಎಂದರು. ಸ್ವಲ್ಪ ತಡೆದು, “ಅಪ್ಪನ ಜೊತೆ. ಅದನ್ನೂ ಬರೀತೇನೆ. ಸೋಮವಾರ ಬೆಳಿಗ್ಗೆವರೆಗೆ ಟೈಮ್ ಕೊಡು.”