ಎಡಗಡೆಯ ಬ್ರೇಕು

ಕಳೆದ ವಾರ ಕಾರನ್ನು ಸರ್ವೀಸಿಗೆ ಬಿಟ್ಟಿದ್ದೆ. ಮಿಸ್ತ್ರಿ ಮುಂದಿನ ಚಕ್ರ ಬಿಚ್ಚಿ, ಒಳಗಿನಿಂದ ಬ್ರೇಕ್ ಪ್ಯಾಡ್ ತೆಗೆದು ನನ್ನ ಕೈಗಿಟ್ಟ. ಅಂಗೈಯಗಲದ ಕಪ್ಪು ತುಂಡು. ಮೂರು ವರ್ಷ ದಿಲ್ಲಿಯ ಟ್ರಾಫಿಕ್ಕಿನಲ್ಲಿ ಓಡಿದ ಕಾರಿನದು, ಆದರೂ ಸವೆದೇ ಇರಲಿಲ್ಲ. “ಮೇಡಂ, ಬ್ರೇಕ್ ಆಪ್ ಲಗಾತೀ ಹೈಂ ಯಾ ಕೋಯಿ ಔರ್?” ಎಂದು ನಕ್ಕ. ಬ್ರೇಕ್ ಹಾಕುವವರು ನೀವೋ, ಬೇರೆ ಯಾರೋ ಎಂದು.

ಹೈಬ್ರಿಡ್ ಕಾರು ಇರುವುದೇ ಹಾಗೆ ಎಂದು ಅವನೇ ಆಮೇಲೆ ವಿವರಿಸಿದ. ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಓಡಿಸುವ ಮೋಟಾರೇ ಚಕ್ರವನ್ನು ಹಿಡಿದು ನಿಧಾನ ಮಾಡುತ್ತದೆ, ಓಟದ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಪ್ಯಾಡಿಗೆ ಹೆಚ್ಚು ಕೆಲಸವೇ ಇಲ್ಲ. ನಾನು ಹ್ಞೂಂಗುಟ್ಟುತ್ತಾ ಆ ತುಂಡನ್ನು ಮೂಗಿನ ಹತ್ತಿರ ಹಿಡಿದೆ. ಸುಟ್ಟ ವಾಸನೆ ಸ್ವಲ್ಪವೂ ಇರಲಿಲ್ಲ. ಆ ವಾಸನೆ ಇಲ್ಲದ್ದರಿಂದಲೇ ನನಗೆ ಮೇಷ್ಟ್ರು ನೆನಪಾದರು...

ಅವರು ನನಗೆ ಕಾರು ಕಲಿಸಿದವರು. ಆಗ ನಮ್ಮವರಿಗೆ ಜೈಪುರಕ್ಕೆ ವರ್ಗವಾಗಿತ್ತು. ವಸಂತ್ ಕುಂಜಿನ ಫ್ಲ್ಯಾಟಿನಲ್ಲಿ ನಾನು ಮತ್ತು ಮಗಳು ಇಬ್ಬರೇ. ನಲವತ್ತೆರಡನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿಯುವುದೆಂದರೆ ನನಗೆ ನಾಚಿಕೆ, ಅದಕ್ಕಿಂತ ಹೆಚ್ಚಾಗಿ ಭಯ. ಕನ್ನಡದಲ್ಲೇ ಕಲಿಸುವವರೊಬ್ಬರು ಇದ್ದಾರೆ ಎಂದು ಕನ್ನಡ ಸಂಘದ ಗೆಳತಿಯೊಬ್ಬಳು ಹೇಳಿದಳು. ಮೇಷ್ಟ್ರು ಕುಂದಾಪುರದ ಕಡೆಯವರು. ಕರೋಲ್ ಬಾಗಿನಲ್ಲಿ ನೆಂಟರ ಹೋಟೆಲಿಗೆ ಇಪ್ಪತ್ತು ವರ್ಷ ವ್ಯಾನು ಓಡಿಸಿ, ಆಮೇಲೆ ಹಳೆಯ ಬಿಳಿ ಕಾರೊಂದಕ್ಕೆ ಕೆಂಪು ‘ಎಲ್’ ಹಚ್ಚಿಕೊಂಡು ಕಲಿಸುವ ಕೆಲಸ ಹಿಡಿದಿದ್ದರು. ಒಬ್ಬಂಟಿ.

ಆ ಕಾರಿನಲ್ಲಿ ಎಡಗಡೆಯ ಸೀಟಿನ ಕೆಳಗೂ ಕ್ಲಚ್, ಬ್ರೇಕ್ ಇದ್ದವು. ಎರಡೂ ಕಡೆಯ ಪೆಡಲುಗಳಿಗೆ ಸರಳಿನ ಜೋಡಣೆ. ಅವರು ಅಲ್ಲಿ ಒತ್ತಿದರೆ ಇಲ್ಲಿ ನನ್ನ ಕಡೆಯ ಪೆಡಲು ತಾನೇ ಕೆಳಗಿಳಿಯುತ್ತಿತ್ತು. ಮೊದಲ ದಿನ ಅದನ್ನು ಕಂಡು ನಾನು ಕಿರುಚಿಬಿಟ್ಟಿದ್ದೆ. ಕಾಣದ ಕಾಲೊಂದು ನನ್ನ ಕಾಲಿನ ಪಕ್ಕದಲ್ಲೇ ಬಂದು ನಿಂತಂತೆ ಇರುತ್ತಿತ್ತು ಅದು.

“ಎಂತ ಅಕ್ಕ, ಬ್ರೇಕಿನ ಮೇಲೆ ಸಿಟ್ಟುಂಟಾ? ಒದೀಬೇಡಿ. ಒಂದೇ ಸಲ ಒದ್ದರೆ ಚಕ್ರ ಕಚ್ಚಿಕೊಳ್ತದೆ, ಕಾರು ಜಾರ್ತದೆ. ಆಮೇಲೆ ಸ್ಟೇರಿಂಗ್ ತಿರುಗಿಸಿದ್ರೂ ಅದು ನಿಮ್ಮ ಮಾತು ಕೇಳೂದಿಲ್ಲ. ಒತ್ತಿ, ಬಿಡಿ. ಒತ್ತಿ, ಬಿಡಿ.” ಈಗಿನ ಕಾರುಗಳು ಆ ಒತ್ತಿ-ಬಿಡುವ ಕೆಲಸವನ್ನು ತಾವೇ ಮಾಡುತ್ತವೆ. ಆಗ ಅದನ್ನು ನಮ್ಮ ಕಾಲೇ ಕಲಿಯಬೇಕಿತ್ತು. ಕಲಿಯುವವರೆಲ್ಲ ಬ್ರೇಕನ್ನು ತುಳಿದೇ ಇಡುತ್ತಿದ್ದುದರಿಂದ ಕಾರಿನೊಳಗೆ ಯಾವಾಗಲೂ ಕಾದ ಪ್ಯಾಡಿನ ಕಮಟು.

ಮೇಷ್ಟ್ರಲ್ಲಿ ಒಂದು ವಿಚಿತ್ರ ರೂಢಿ ಇತ್ತು. ಕಾರಿಗೆ ಹತ್ತಿದೊಡನೆ ಬಲಗಾಲಿನ ಬೂಟು ಕಳಚಿ, ಬರಿಗಾಲನ್ನು ಬ್ರೇಕಿನ ಹತ್ತಿರ ಇಡುತ್ತಿದ್ದರು. ಅನ್ನ ಕೊಡುವ ಗಾಡಿ, ಮೆಟ್ಟಿನಲ್ಲಿ ಮೆಟ್ಟಬಾರದೆಂಬ ಭಕ್ತಿ ಇರಬೇಕು ಎಂದುಕೊಂಡೆ. ನಮ್ಮ ಕಡೆಯವರಲ್ಲಿ ಅದೇನು ಹೊಸತಲ್ಲವಲ್ಲ. ಜನವರಿಯ ಚಳಿಯಲ್ಲೂ ಬರಿಗಾಲು. ಒಮ್ಮೆ ಬಾಲ್ಕನಿಯಿಂದ ಇಣುಕಿದ ಮಗಳು, “ಅಮ್ಮಾ, ಅಂಕಲ್‌ಗೆ ಠಂಡ್ ಆಗಲ್ವಾ?” ಎಂದು ಕೇಳಿದಳು. ನಾನು ಬೂದು ಉಣ್ಣೆಯಲ್ಲಿ ಒಂದು ಜೊತೆ ಸಾಕ್ಸು ಹೆಣೆದು ಕೊಟ್ಟೆ. ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿಕೊಂಡರು, ಕಾಲಿಗೆ ಹಾಕಿಕೊಂಡು ಬರಲಿಲ್ಲ. ನನಗೆ ಸ್ವಲ್ಪ ಬೇಸರವೂ ಆಯಿತು.

ಬೆಳಿಗ್ಗೆ ಏಳು ಗಂಟೆಯ ಪಾಠಕ್ಕೆ ನಾನು ಒಂದು ಫ್ಲಾಸ್ಕಿನಲ್ಲಿ ಕಾಫಿ ಒಯ್ಯುತ್ತಿದ್ದೆ. ಅವರ ಕಾಲ ಬಳಿ ಇಡುತ್ತಿದ್ದೆ. ಒಂದು ದಿನ ಮುಚ್ಚಳ ಸರಿಯಾಗಿ ತಿರುಗಿಸಿರಲಿಲ್ಲ. ರಸ್ತೆಯ ಉಬ್ಬು ಹಾರಿದಾಗ ಫ್ಲಾಸ್ಕು ಮಗುಚಿತು, ಕುದಿಯುವ ಕಾಫಿ ಅವರ ಬರಿಗಾಲಿನ ಮೇಲೆ ಸುರಿಯಿತು. ಹಬೆ ಏಳುವುದನ್ನು ನಾನು ಕಣ್ಣಾರೆ ಕಂಡೆ. ಮೇಷ್ಟ್ರು ಎದುರಿನ ರಸ್ತೆ ನೋಡುತ್ತಾ, “ಸೆಕೆಂಡಿಗೆ ಹಾಕಿ ಅಕ್ಕ” ಎಂದರು.

ಕಾಲು ಕದಲಲಿಲ್ಲ. ಹುಬ್ಬು ಕೂಡ ಗಂಟಿಕ್ಕಲಿಲ್ಲ.

ನಾನು ಕಾರನ್ನು ಬದಿಗೆ ನಿಲ್ಲಿಸಿ ಅವರ ಕಾಲನ್ನೇ ನೋಡಿದೆ. ಆಗ ಅವರೂ ಬಗ್ಗಿ ನೋಡಿದರು, ಇನ್ಯಾರದೋ ಸಾಮಾನು ನೋಡಿದಂತೆ. ಸಕ್ಕರೆ ಕಾಯಿಲೆ, ಎರಡು ವರ್ಷದಿಂದ ಪಾದಕ್ಕೆ ಸ್ಪರ್ಶವೇ ಇಲ್ಲವಂತೆ. “ಬೂಟಿದ್ರೆ ಕಾಲು ಎಲ್ಲುಂಟು ಅಂತ ಗೊತ್ತಾಗೂದಿಲ್ಲ. ಬೆರಳು ಕಂಡ್ರೆ, ಹ್ಞಾಂ, ಅಲ್ಲೇ ಉಂಟು ಅಂತ ಧೈರ್ಯ.” ಕರ್ಚೀಫಿನಿಂದ ಪಾದ ಒರೆಸುತ್ತಾ, “ಯಾರಿಗೂ ಹೇಳ್ಬೇಡಿ ಅಕ್ಕ. ಇದು ಬಿಟ್ರೆ ನನಗೆ ಬೇರೆ ಕೆಲಸ ಬರೂದಿಲ್ಲ” ಎಂದರು.

ನಾನು ಹೇಳಲಿಲ್ಲ. ಪಾಪ ಎಂದು ಹೇಳಲಿಲ್ಲ ಎಂದು ಬರೆದುಬಿಡಬಹುದು. ನಿಜವೆಂದರೆ ನನ್ನ ಟೆಸ್ಟಿಗೆ ಮೂರೇ ವಾರ ಇತ್ತು, ಹೊಸ ಮೇಷ್ಟ್ರನ್ನು ಹುಡುಕುವ ಮನಸ್ಸಿರಲಿಲ್ಲ. ಡಾಕ್ಟರಿಗೆ ತೋರಿಸಿ ಎಂದು ಒಂದು ಮಾತು ಹೇಳಿದೆ, ಅಷ್ಟೆ. ಮಾರನೆಯ ದಿನ ನಾನು ಹೆಣೆದ ಸಾಕ್ಸು ಹಾಕಿಕೊಂಡು ಬಂದರು. ನನಗೆ ಖುಷಿಯಾಯಿತು. ಈಗ ಅದನ್ನು ನೆನೆದರೆ...

ಆ ಮೇಲಿನ ದಿನಗಳಲ್ಲಿ ಬ್ರೇಕಿಗೆ ಕಾಲಿಡುವಾಗಲೆಲ್ಲ ಎಡಗಡೆ ಒಬ್ಬರಲ್ಲ, ಇಬ್ಬರು ಕೂತಿದ್ದಾರೆ ಅನ್ನಿಸುತ್ತಿತ್ತು. ಮೇಷ್ಟ್ರು ಒಬ್ಬರು, ಅವರ ಕಾಲು ಇನ್ನೊಬ್ಬರು.

ಟೆಸ್ಟಿಗೆ ನಾಲ್ಕು ದಿನವಿದ್ದಾಗ ಗಟ್ಟಿ ಮಂಜು ಬಿತ್ತು. ಫ್ಲ್ಯಾಟುಗಳ ಹಿಂದೆ, ಕಾಡಿನ ಅಂಚಿನ ರಸ್ತೆಯಲ್ಲಿ ನಮ್ಮ ಕಾರೊಂದೇ. ಮೊದಲು ಕೇಳಿಸಿದ್ದು ಪೊರಕೆಯ ಸದ್ದು, ಸರ್... ಸರ್... ಎಂದು. ಎಲ್ಲಿಂದ ಬರುತ್ತಿದೆ ಎಂದು ಕಿವಿಗೊಡುವಷ್ಟರಲ್ಲಿ ಬೆಳ್ಳಗಿನ ಮಂಜಿನೊಳಗಿಂದ ಶಾಲು ಹೊದ್ದ ಒಂದು ಬೆನ್ನು, ಬಾನೆಟ್ಟಿನ ಎದುರೇ. ನನಗೆ ಕೈಕಾಲು ಆಡಲಿಲ್ಲ.

ಕಾರು ಮುಗ್ಗರಿಸಿ ನಿಂತಿತು. ಇಂಜಿನ್ ಆರಿಹೋಯಿತು. ಬಾನೆಟ್ಟಿಗೂ ಗುಡಿಸುವಾಕೆಗೂ ಒಂದು ಗೇಣು. ಆಕೆ ತಿರುಗಿ ಪೊರಕೆಯ ಹಿಡಿಯಿಂದ ಬಾನೆಟ್ಟಿಗೆ ಕುಟ್ಟಿ, “ಅಂಧೀ ಹೈ ಕ್ಯಾ?”, ಕಣ್ಣು ಕಾಣುವುದಿಲ್ಲವೇ ಎಂದು ಬೈದು, ಮತ್ತೆ ಗುಡಿಸುತ್ತಾ ಮಂಜಿನೊಳಗೆ ಹೋದಳು.

“ಶಾಭಾಸ್ ಅಕ್ಕ. ಒಳ್ಳೇ ಹೊತ್ತಿಗೆ ಒತ್ತಿದ್ರಿ.”

“ನಾನೆಲ್ಲಿ ಒತ್ತಿದೆ ಮೇಷ್ಟ್ರೇ? ನೀವಲ್ವಾ?”

ನನ್ನ ಪಾದ ಇನ್ನೂ ಆಕ್ಸಿಲರೇಟರಿನ ಮೇಲೇ ಇತ್ತು. ಇಬ್ಬರೂ ಒಟ್ಟಿಗೆ ಅವರ ಕಡೆ ಬಗ್ಗಿ ನೋಡಿದೆವು. ಉಣ್ಣೆಯ ಸಾಕ್ಸಿನ ಕಾಲು ಜಾರಿ, ಪೆಡಲಿನಿಂದ ಅಷ್ಟು ದೂರ, ಗೇರಿನ ಕಡೆಗೆ ಒರಗಿ ಬಿದ್ದಿತ್ತು. ಪೆಡಲು ಮಾತ್ರ ಪೂರ್ತಿ ಕೆಳಗೆ ಇತ್ತು. ನನ್ನ ಕಡೆಯದೂ ಹಾಗೇ. ನಾವು ನೋಡುತ್ತಿರುವಂತೆಯೇ ಎರಡೂ ಒಟ್ಟಿಗೆ, ಯಾರೋ ಭಾರ ತೆಗೆದಂತೆ, ನಿಧಾನವಾಗಿ ಮೇಲೆದ್ದವು.

ಹಳೆಯ ಕಾರು, ಸರಳು ಸಿಕ್ಕಿಕೊಂಡಿರಬಹುದು. ಅವರ ಕಾಲೇ ಒತ್ತಿ, ಆಮೇಲೆ ಜಾರಿರಬಹುದು. ಇಂದಿಗೂ ನನಗೆ ಗೊತ್ತಿಲ್ಲ.

ಮೇಷ್ಟ್ರು ಎರಡೂ ಕಾಲುಗಳನ್ನು ಎತ್ತಿ ಸೀಟಿನ ಮೇಲೆ ಇಟ್ಟು, ಊಟಕ್ಕೆ ಕೂತ ಹಾಗೆ ಚಕ್ಕಳಮಕ್ಕಳ ಹಾಕಿ ಕೂತರು. “ಒತ್ತಿದೆನೋ ಇಲ್ವೋ ಅಂತ ನನಗೇ ಗೊತ್ತಿಲ್ಲ ಅಂದ ಮೇಲೆ ಮುಗೀತು. ಇವತ್ತಿಗೆ ಸಾಕು ಈ ಕೆಲಸ. ಚಲೋ, ನೀವೇ ಓಡಿಸಿ.”

ಆಗ ನನಗೆ ಅವರ ಬಲಗಾಲಿನ ಸಾಕ್ಸು ಕಂಡಿತು. ಬೆರಳುಗಳ ಕಡೆ ಉಣ್ಣೆ ಒದ್ದೆಯಾಗಿ, ಕಂದಾಗಿ, ಚರ್ಮಕ್ಕೆ ಅಂಟಿತ್ತು. ಏನದು ಎಂದು ಕೇಳಿದೆ.

“ನಿಮ್ಮ ಕಾಫಿ. ಗಟ್ಟಿ ಡಿಕಾಕ್ಷನ್ ಅಲ್ವಾ, ಹೋಗ್ತಾ ಇಲ್ಲ” ಎಂದು ನಕ್ಕರು. ಬೊಬ್ಬೆ ಎದ್ದದ್ದು ನನ್ನ ಕಣ್ಣಿಗೆ ಬೀಳದಿರಲಿ ಎಂದು ಆ ಸಾಕ್ಸು ಹಾಕಿಕೊಂಡು ಬರುತ್ತಿದ್ದರು, ಅಷ್ಟು ದಿನವೂ.

ಅಂದು ನಾನು ಮನೆಗೆ ಹೋಗಲಿಲ್ಲ. ನೇರವಾಗಿ ಆಸ್ಪತ್ರೆಗೆ ಓಡಿಸಿದೆ, ಎಡಗಡೆಯ ಬ್ರೇಕಿಗೆ ಯಾರ ಕಾಲೂ ಇಲ್ಲದೆ. ಡಾಕ್ಟರು ಬೆರಳುಗಳನ್ನು ತೆಗೆದರು. ಸಾಲಲಿಲ್ಲ. ಆಮೇಲೆ ಪಾದವನ್ನೇ ತೆಗೆದರು. ಮೊದಲೇ ಬರಬೇಕಿತ್ತು ಎಂದರು. ಅದನ್ನು ಅವರು ಹೇಳಿದ್ದು ನನ್ನ ಮುಖ ನೋಡಿಯೇ.

ಲೈಸೆನ್ಸು ಬಂದ ದಿನ ಮೂಸಂಬಿ ತೆಗೆದುಕೊಂಡು ವಾರ್ಡಿಗೆ ಹೋದೆ. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಬಿಡಲಿಲ್ಲ. ಏನೋ ಗುಟ್ಟು ಹೇಳುವವರಂತೆ ಹತ್ತಿರ ಕರೆದರು. “ಒಂದು ವಿಷಯ ಉಂಟು ಅಕ್ಕ. ಕಾಲಿದ್ದಾಗ ಗೊತ್ತಾಗ್ತಿರಲಿಲ್ಲ. ಈಗ ಗೊತ್ತಾಗ್ತದೆ. ಪೆಡಲಿನ ರಬ್ಬರು, ಅದರ ಗೆರೆ ಎಲ್ಲ ಕಾಲಡಿಗೆ ಸಿಗ್ತದೆ. ಮಲಗಿದಲ್ಲೇ ಒತ್ತಿ ನೋಡ್ತೇನೆ.” ಅವರ ಮುಖದಲ್ಲಿ ಸಂತೋಷವೇ ಇತ್ತು.

ಬೇಸಿಗೆ ಶುರುವಾಗುವ ಹೊತ್ತಿಗೆ ಕರೋಲ್ ಬಾಗಿನ ಹೋಟೆಲಿನವರು ಮೇಷ್ಟ್ರು ಹೋಗಿಬಿಟ್ಟರೆಂದು ಫೋನ್ ಮಾಡಿ ಹೇಳಿದರು. ನಂಜು ಮೇಲೇರಿತ್ತಂತೆ. ಕ್ಷಮಿಸಿ ಎಂಬ ಮಾತು ನನ್ನಲ್ಲೇ ಉಳಿಯಿತು.

ಈ ಹೈಬ್ರಿಡ್ಡಿನಲ್ಲಿ ಎಡಗಡೆ ಪೆಡಲಿಲ್ಲ, ಬರೀ ಕಾರ್ಪೆಟ್ಟು. ನಿಧಾನಕ್ಕೆ ಹೋಗುವಾಗ ಇಂಜಿನ್ನಿನ ಸದ್ದೂ ಇರುವುದಿಲ್ಲ. ನಾನು ಕಾಲೆತ್ತುತ್ತೇನೆ, ಕಾರು ಮೆಲ್ಲಗೆ ತಡೆದು ನಿಧಾನವಾಗುತ್ತದೆ. ಅದು ಮೋಟಾರು ಎಂದು ಗೊತ್ತು.

ಇಂದು ಬೆಳಿಗ್ಗೆ ಮತ್ತೆ ಮಂಜು. ಮಗಳನ್ನು ಮೆಟ್ರೋಗೆ ಬಿಟ್ಟು, ಕಾಡಿನ ರಸ್ತೆಯಲ್ಲಿ ಒಬ್ಬಳೇ ಬರುತ್ತಿದ್ದೆ. ತಿರುವಿನಲ್ಲಿ ಕಾಲೆತ್ತುವ ಮೊದಲೇ ಕಾರು ತಡೆದಂತಾಯಿತು... ನನಗೆ ಹಾಗನ್ನಿಸಿತೋ ಏನೋ. ಎದುರು ಏನೂ ಇರಲಿಲ್ಲ. ಬದಿಗೆ ನಿಲ್ಲಿಸಿ ಇಳಿದೆ, ಸುತ್ತಿ ಬಂದು ಎಡಗಡೆಯ ಬಾಗಿಲು ತೆರೆದೆ. ಸೀಟು ಖಾಲಿ. ಚಳಿಗಾಳಿ ಒಳಗೆ ನುಗ್ಗಿತು. “ತಪ್ಪು ನನ್ನದು ಮೇಷ್ಟ್ರೇ” ಎಂದೆ.

ಬಾಗಿಲು ಮುಚ್ಚಲು ಹೋದವಳು ಸ್ವಲ್ಪ ತಡೆದೆ. ಕಾಲು ಒಳಗಿದೆಯೋ ಹೊರಗಿದೆಯೋ ಅವರಿಗೆ ಗೊತ್ತಾಗುವುದಿಲ್ಲ. ಎಳೆದುಕೊಳ್ಳಲು ಹೊತ್ತು ಬೇಕು. ಮನಸ್ಸಿನಲ್ಲೇ ಹತ್ತು ಎಣಿಸಿ, ಮೆಲ್ಲಗೆ ಬಾಗಿಲು ಹಾಕಿದೆ.