ಏಡಿಗೆ ಸುಣ್ಣದ ಅಂಶ

ಟಕ್, ಟಕ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಟಕ್, ಟಕ್. ಮೆಲ್ಕಾರಿನಲ್ಲಿ ನಮ್ಮ ಬೇಲಿಯ ಆಚೆಗಿನ ಮನೆಯಿಂದ ಆ ವರ್ಷವಿಡೀ ಕೇಳಿದ ಸದ್ದು ಅದು. ಒಂದು ಹರ್ಮಿಟ್ ಕ್ರ್ಯಾಬ್, ಅಂದರೆ ಬೇರೆ ಜೀವಿ ಬಿಟ್ಟುಹೋದ ಶಂಖದಲ್ಲಿ ಬಿಡಾರ ಹೂಡುವ ಏಡಿ, ತಾನು ಹೊತ್ತ ಶಂಖವನ್ನು ಎನಾಮಲ್ ಬೇಸಿನ್ನಿಗೆ ಬಡಿಯುತ್ತ ಹೊರಗೆ ಹತ್ತಲು ನೋಡುತ್ತಿತ್ತು.

ಆ ಮನೆಯ ಯಜಮಾನಿಯನ್ನು ಸುತ್ತಲಿನವರೆಲ್ಲ ಉಮ್ಮ ಎನ್ನುತ್ತಿದ್ದರು, ನಾನೂ ಸಹ. ಅವರು ನನ್ನನ್ನು, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ, ಬಾಯಮ್ಮ ಎನ್ನುತ್ತಿದ್ದರು. ಗಲ್ಫ್‌ನಲ್ಲಿದ್ದ ಅವರ ಮೊಮ್ಮಗಳು ರಜೆಗೆ ಬಂದಾಗ ಏಡಿಯನ್ನು ತಂದು, ಹೋಗುವಾಗ ಅಜ್ಜಿಗೆ ಒಪ್ಪಿಸಿದ್ದಳು. ಮುಂದಿನ ರಜೆಯ ತನಕ ಬದುಕಿಸಿ ಇಡುತ್ತೇನೆಂದು ಉಮ್ಮ ಮಾತು ಕೊಟ್ಟಿದ್ದರು. ಪ್ರತಿ ಶುಕ್ರವಾರ ಫೋನ್. ಅಜ್ಜಿಯ ಆರೋಗ್ಯ ಒಂದು ನಿಮಿಷ. ಆಮೇಲೆ ರಿಸೀವರನ್ನು ಬೇಸಿನ್ನಿನ ಹತ್ತಿರ ಹಿಡಿಯಬೇಕು, ಅವಳಿಗೆ ಟಕ್ ಟಕ್ ಕೇಳಬೇಕು.

ಏಡಿಯ ಜೊತೆ ಒಂದು ಇಂಗ್ಲಿಷ್ ಚೀಟಿಯೂ ಬಂದಿತ್ತು. ಓದಿ ಹೇಳುವ ಡ್ಯೂಟಿ ನನ್ನದು. ಕಾನ್ವೆಂಟಿನಲ್ಲಿ ಎಲೊಕ್ಯೂಶನ್ ಪ್ರೈಜ್ ಗೆದ್ದವಳೆಂಬ ಜಂಬ ಆ ವಯಸ್ಸಿನಲ್ಲೂ ಉಳಿದಿತ್ತು. ಕ್ಯಾಲ್ಶಿಯಂ ಸಪ್ಲಿಮೆಂಟ್ ಎಂದರೆ ಉಮ್ಮನಿಗೆ ತಿಳಿಯಲಿಕ್ಕಿಲ್ಲವೆಂದು ಪಾಠಪುಸ್ತಕದ ಕನ್ನಡಕ್ಕೆ ತಿರುಗಿಸಿ, ಇದಕ್ಕೆ ಆಗಾಗ ಸುಣ್ಣದ ಅಂಶ ಕೊಡಬೇಕು, ಇಲ್ಲವಾದರೆ ಮೈ ಗಟ್ಟಿಯಾಗುವುದಿಲ್ಲ ಎಂದೆ.

"ಇರುವುದೇ ಬಾಡಿಗೆ ಮನೆಯಲ್ಲಿ, ಅದಕ್ಕೂ ನಾವೇ ಸುಣ್ಣ ಹೊಡೆಸುವುದಾ ಬಾಯಮ್ಮ?" ಎಂದು ಉಮ್ಮ ನಕ್ಕರು. ನಾನೂ ನಕ್ಕು ಮನೆಗೆ ಬಂದೆ.

ಮರುದಿನ ಟಕ್ ಟಕ್ ಇಲ್ಲ. ಹೋಗಿ ನೋಡಿದರೆ ಬೇಸಿನ್ನಿನಲ್ಲಿ ಒಂದು ಪುಟ್ಟ ಬೀಡಾ. ವೀಳ್ಯದೆಲೆಯ ತುಂಡು, ಅದರಲ್ಲಿ ಬಾಳೆಹಣ್ಣು, ಮೇಲೆ ಧಾರಾಳ ಸುಣ್ಣ. ಪಾಪ, ಏಡಿಗೆ ಹಲ್ಲಿಲ್ಲವೆಂದು ಅಡಿಕೆ ಮಾತ್ರ ಬಿಟ್ಟಿದ್ದರು. ಏಡಿ ಶಂಖದೊಳಗೆ ಸೇರಿ, ದೊಡ್ಡ ಕಾಲನ್ನು ಬಾಗಿಲಿನಂತೆ ಅಡ್ಡ ಇಟ್ಟುಕೊಂಡಿತ್ತು. ಕಾಲಿನ ತುದಿ ಬೆಳ್ಳಗೆ.

ನಮ್ಮ ಬಾಯಿಯನ್ನೇ ಸುಡುವ ಸುಣ್ಣವಲ್ಲವೇ ಎಂದು ನಾನು ಆಕ್ಷೇಪಿಸಿದೆ.

"ಚಿಪ್ಪು ಸುಟ್ಟು ಮಾಡಿದ ಸುಣ್ಣ ಮಾರಾಯ್ರೆ, ಅದರ ಸಮುದ್ರದ್ದೇ. ನೀವೇ ಅಲ್ಲವಾ ಹೇಳಿದ್ದು?"

"ನಾನು ಹೇಳಿದ್ದು ಅಂಶ."

"ಅಂಶವೇ ಹಾಕಿದ್ದು. ಇಡೀ ಡಬ್ಬಿ ಹಾಕಲಿಲ್ಲ."

ಬಾವಿಯ ನೀರಿನಲ್ಲಿ ತೊಳೆದು, ಹೊಸ ಒದ್ದೆ ಮರಳಿನಲ್ಲಿಟ್ಟೆವು. ಏಡಿ ಅಲ್ಲಾಡಲಿಲ್ಲ. ಶುಕ್ರವಾರ ಫೋನ್ ಬಂತು. ಉಮ್ಮ ನನ್ನ ಮುಖ ನೋಡಿದರು. ನೋಡಿದವರೇ ಹಿತ್ತಾಳೆಯ ಸುಣ್ಣದ ಡಬ್ಬಿ ತೆಗೆದು ಬೇಸಿನ್ನಿಗೆ ಟಕ್ ಟಕ್ ಟಕ್ ಎಂದು ಬಡಿದರು.

"ಇದು ಅವನಲ್ಲ," ಎಂದಿತು ಆಚೆಯ ಸಣ್ಣ ಸ್ವರ. "ಅವನು ಎರಡೇ ಸಲ ಬಡಿಯುವುದು."

ಉಮ್ಮ ರಿಸೀವರನ್ನು ನನ್ನ ಕೈಗೆ ತುರುಕಿದರು. ನನಗೆ ಸಿಸ್ಟರ್‌ಗಳು ಕಲಿಸಿದ ಕನ್ಫೆಶನ್ ನೆನಪಾಯಿತು. ತಪ್ಪು ಅಜ್ಜಿಯದಲ್ಲ, ನನ್ನ ಕನ್ನಡದ್ದು ಎಂದು ಎಲ್ಲವನ್ನೂ ಒಪ್ಪಿಕೊಂಡೆ. ಹುಡುಗಿ ಮೂಗೆಳೆಯುತ್ತಲೇ, ಮೊಟ್ಟೆಯ ಚಿಪ್ಪು ಕುದಿಸಿ ಒಣಗಿಸಿ ಪುಡಿ ಮಾಡಿಡಿ, ಕಟ್ಲ್ ಬೋನ್ ಸಿಕ್ಕಿದರೆ ಇನ್ನೂ ಒಳ್ಳೆಯದು ಎಂದು ಡಾಕ್ಟರಂತೆ ಹೇಳಿದಳು.

ಕಟ್ಲ್ ಬೋನ್ ಎಂದರೆ ಬೊಂಡಾಸ್ ಮೀನಿನ ಬೆನ್ನೊಳಗಿನ ಬಿಳಿ ಓಡು. ಮೀನು ಬೇಡ, ಓಡು ಸಾಕು ಎನ್ನುವ ಗಿರಾಕಿಗಳನ್ನು ನಮ್ಮ ಮೀನಿನವನು ಅದೇ ಮೊದಲು ಕಂಡದ್ದು. ಈ ಸಲ ನಾನು ಯಾವ ಟ್ರಾನ್ಸ್‌ಲೇಶನ್ನೂ ಕೊಡಲಿಲ್ಲ, ಓಡನ್ನೇ ಕೈಯಲ್ಲಿಟ್ಟೆ. ಉಮ್ಮ ಅರೆಯುವ ಕಲ್ಲಿನ ಮುಂದೆ ಕುಳಿತರು. ಮೂರು ದಿನ ಏನೂ ಇಲ್ಲ. ನಾಲ್ಕನೆಯ ಬೆಳಿಗ್ಗೆ ಬೇಸಿನ್ನಿನ ಬಿಳಿ ಪುಡಿಯ ಮೇಲೆ ಗೀರು ಗೀರು ಹೆಜ್ಜೆ.

ಶುಕ್ರವಾರ ಅವನೇ ಬಡಿದ, ಎರಡೇ ಸಲ. ರಜೆಗೆ ಬಂದ ಹುಡುಗಿ ಅವನನ್ನು ತೋಳಿಗೆ ಹತ್ತಿಸಿಕೊಂಡು ನನಗೂ ತಂದು ತೋರಿಸಿದಳು. ಹೋಗುವಾಗ ಜೊತೆಗೇ ಕೊಂಡುಹೋದಳು.

ಉಮ್ಮನನ್ನು ಕೊನೆಯ ಸಲ ನೋಡಿದ್ದು ಎಷ್ಟೋ ವರ್ಷಗಳ ಮೇಲೆ, ಅವರು ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾಗ. ಯಾರೊಡನೆಯೂ ಮಾತಿಲ್ಲ ಎಂದು ಸೊಸೆ ಹೇಳಿದಳು. ತಲೆಯ ತನಕ ಹೊದಿಕೆ. ನಾನು ಬಳೆಯಿಂದ ಮಂಚಕ್ಕೆ ಎರಡು ಸಲ ಬಡಿದೆ. ಮೊದಲು ಒಂದು ಕೈ ಹೊರಬಂತು, ಆಮೇಲೆ ಕಣ್ಣು. ದಿಂಬಿನ ಬಳಿ ಕ್ಯಾಲ್ಶಿಯಂ ಮಾತ್ರೆಯ ಸ್ಟ್ರಿಪ್ ಇತ್ತು.

"ಈಗ ನನಗೂ ಸುಣ್ಣ, ಬಾಯಮ್ಮ."

"ಅಂಶ ಮಾತ್ರ," ಎಂದೆ.

ಹೊದಿಕೆ ಮತ್ತೆ ಮುಚ್ಚಿಕೊಂಡಿತು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಮಂಚ ಬಡಿದ ಸದ್ದು ಕೇಳಿಸಿತು. ಟಕ್, ಟಕ್.